ಪಿಟೀಲಿನಾಕಾರದ ಗಿಟಾರು: ಅಸಲು ಯಾವುದು, ಪಡಿಯಚ್ಚು ಯಾವುದು?

1972ರ ಅಕ್ಟೋಬರ್ 10ರ ರಾತ್ರಿ ಲಂಡನ್ನಿನ ನಾಟಿಂಗ್ ಹಿಲ್ ಪ್ರದೇಶದಲ್ಲಿ ನಿಲ್ಲಿಸಿದ್ದ ವ್ಯಾನೊಂದರಿಂದ ಒಂದು ಗಿಟಾರು ಕಳವಾಯಿತು. ಅದು ಪಾಲ್ ಮೆಕಾರ್ಟ್ನಿ ಅವರದು. ಬೀಟಲ್ಸ್ ತಂಡ ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, 1961ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದ ಅಂಗಡಿಯಲ್ಲಿ ಅವರು ಕೊಂಡಿದ್ದ ಹಾಫ್ನರ್ ಕಂಪನಿಯ ಬೇಸ್ ಗಿಟಾರು. ಕೊಟ್ಟ ಬೆಲೆ ಸುಮಾರು 30 ಪೌಂಡು. ಐವತ್ತೊಂದು ವರ್ಷಗಳ ನಂತರ, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಮನೆಯೊಂದರ ಅಟ್ಟದ ಮೇಲೆ ಅದು ಪತ್ತೆಯಾಯಿತು. ಅದು ಯಜಮಾನರ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾದಾಗ, ಅದರ ಬೆಲೆ ಒಂದು ಕೋಟಿ ಪೌಂಡ್ ಆದೀತೆಂಬ ಅಂದಾಜುಗಳೂ ಪತ್ರಿಕೆಗಳಲ್ಲಿ ಬಂದವು.

ಈ ಐವತ್ತು ವರ್ಷಗಳ ನಡುವೆ ಒಂದು ಸ್ವಾರಸ್ಯದ ಸಂಗತಿ ನಡೆದಿತ್ತು. ಅಸಲು ಗಿಟಾರು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದಾಗ, ಅದನ್ನು ತಯಾರಿಸಿದ ಕಂಪನಿಯೇ ಅದರ ಪಡಿಯಚ್ಚುಗಳನ್ನು ಮಾಡಿ ಮಾರುತ್ತಿತ್ತು. ಸಂಗೀತ ವಾದ್ಯಗಳ ಪೇಟೆಯಲ್ಲಿ ಇದಕ್ಕೆ 'ರೀಇಷ್ಯೂ' ಎನ್ನುತ್ತಾರೆ. ಹಳೆಯ ಪುಸ್ತಕದ ಮರುಮುದ್ರಣ ಇದ್ದ ಹಾಗೆ ಹಳೆಯ ವಾದ್ಯದ ಮರು ಆವೃತ್ತಿ. ಆದರೆ ಪುಸ್ತಕದ ಮರುಮುದ್ರಣದಲ್ಲಿ ಅಕ್ಷರ ಅಕ್ಷರವೂ ಹಾಗೆಯೇ ಉಳಿದರೆ ಕೆಲಸ ಮುಗಿಯಿತು. ವಾದ್ಯದ ವಿಷಯದಲ್ಲಿ 'ಹಾಗೆಯೇ' ಎಂದರೇನು? ಮರವೇ? ಆಕಾರವೇ? ನಾದವೇ? ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಗಿಟಾರುಗಳಲ್ಲಿ ಒಂದಕ್ಕೆ ಸಾವಿರಗಳ ಬೆಲೆ, ಇನ್ನೊಂದಕ್ಕೆ ಲಕ್ಷಗಳ ಬೆಲೆ ಏಕೆ?

ಬೇಸ್ ಗಿಟಾರಿನ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಅವು ದಪ್ಪ, ಸ್ವರ ಮಂದ್ರ. ಅತಿ ಕೆಳಗಿನ ತಂತಿ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲವಷ್ಟೇ ಕಂಪಿಸುತ್ತದೆ. ಸಿನಿಮಾ ಹಾಡು ಕೇಳುವಾಗ ತಾಳದ ಜೊತೆಗೆ ಎದೆಗೆ ತಟ್ಟುವ 'ಧುಂ ಧುಂ' ಎನ್ನುವ ನಾದ ಇದೆಯಲ್ಲ, ಹೆಚ್ಚಿನ ಪಾಲು ಅದು ಈ ವಾದ್ಯದ್ದು. ಹಾಡು ನಿಂತಿರುವ ನೆಲವೇ ಅದು. ಆದರೆ ನೆಲವನ್ನು ಯಾರು ಗಮನಿಸುತ್ತಾರೆ?

ಅದಕ್ಕೂ ಮೊದಲು ಮಂದ್ರ ಸ್ವರದ ಹೊಣೆ ಇದ್ದದ್ದು ಆಳೆತ್ತರದ 'ಡಬಲ್ ಬೇಸ್' ಮೇಲೆ. ನಿಂತುಕೊಂಡು ನುಡಿಸಬೇಕಾದ, ಬಸ್ಸಿನಲ್ಲಿ ಒಯ್ಯಲಾಗದ ದೈತ್ಯ ಪಿಟೀಲು ಅದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದು ಈ ತಾಪತ್ರಯಕ್ಕೆ ಪರಿಹಾರ ಕಂಡರು. ಅವರದು ಗಟ್ಟಿ ಮರದ ಹಲಗೆ, ಒಳಗೆ ಟೊಳ್ಳಿಲ್ಲ. ನಾದವನ್ನು ಹೊರಡಿಸುವುದು ಮರವಲ್ಲ, ತಂತಿಯ ಕೆಳಗಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಇದಕ್ಕೆ 'ಪಿಕಪ್' ಎಂದು ಹೆಸರು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟಿ, ಆಂಪ್ಲಿಫೈಯರಿಗೆ ಹೋಗಿ, ಲೌಡ್‌ಸ್ಪೀಕರಿನಲ್ಲಿ ಶಬ್ದವಾಗುತ್ತದೆ.

ಇತ್ತ ಜರ್ಮನಿಯಲ್ಲಿ ಹಾಫ್ನರ್ ಕುಟುಂಬದ ಕಥೆಯೇ ಬೇರೆ. ಕಾರ್ಲ್ ಹಾಫ್ನರ್ ಎಂಬ ಪಿಟೀಲು ತಯಾರಕ 1887ರಲ್ಲಿ ಷೋನ್‌ಬಾಖ್ ಎಂಬ ಊರಿನಲ್ಲಿ ಕಂಪನಿ ಕಟ್ಟಿದ. ಚನ್ನಪಟ್ಟಣ ಎಂದರೆ ಬೊಂಬೆ ಎನ್ನುವ ಹಾಗೆ ಷೋನ್‌ಬಾಖ್ ಎಂದರೆ ಪಿಟೀಲು. ಈ ಊರು ಈಗ ಲೂಬಿ ಎಂಬ ಹೆಸರಿನಲ್ಲಿ ಚೆಕ್ ಗಣರಾಜ್ಯದಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ ಭಾಷಿಕರನ್ನು ಊರು ಬಿಡಿಸಲಾಯಿತು. ಹಾಫ್ನರ್ ಕುಟುಂಬವೂ, ಅದರಂಥ ನೂರಾರು ವಾದ್ಯ ಕುಶಲಕರ್ಮಿ ಕುಟುಂಬಗಳೂ ಬವೇರಿಯಾದ ಬೂಬೆನ್‌ರಾಯ್ಟ್ ಎಂಬ ಸಣ್ಣ ಹಳ್ಳಿಗೆ ಬಂದು ನೆಲೆಸಿದವು. ಕೈಯಲ್ಲಿದ್ದದ್ದು ಕಸುಬು ಮಾತ್ರ.

ಕಾರ್ಲ್‌ನ ಮಗ ವಾಲ್ಟರ್ ಹಾಫ್ನರ್ 1955ರಲ್ಲಿ ವಿದ್ಯುತ್ ಬೇಸ್ ಗಿಟಾರ್ ಮಾಡಲು ಹೊರಟಾಗ ಫೆಂಡರ್ ದಾರಿ ಹಿಡಿಯಲಿಲ್ಲ. ತಮ್ಮವರಿಗೆ ಗೊತ್ತಿದ್ದ ಕೆಲಸ ಯಾವುದು? ತೆಳುವಾದ ಹಲಗೆಯನ್ನು ಬಾಗಿಸಿ ಟೊಳ್ಳು ಪೆಟ್ಟಿಗೆ ಮಾಡುವುದು. ಹಾಗಾಗಿ ಅವರ ಬೇಸ್ ಗಿಟಾರು ಪಿಟೀಲಿನ ಆಕಾರ ತಾಳಿತು. ಡಬಲ್ ಬೇಸ್ ನುಡಿಸುತ್ತಿದ್ದವರಿಗೆ ಈ ಆಕಾರ ಪರಿಚಿತ ಎನಿಸಲಿ ಎಂಬ ಲೆಕ್ಕಾಚಾರವೂ ಇತ್ತು. ಸ್ಪ್ರೂಸ್ ಮರದ ಮೇಲ್ಹಲಗೆ, ಮೇಪಲ್ ಮರದ ಬೆನ್ನು ಮತ್ತು ಪಕ್ಕಗಳು, ಒಳಗೆ ಬರೀ ಗಾಳಿ. 1956ರ ಫ್ರಾಂಕ್‌ಫರ್ಟ್ ವಾದ್ಯ ಮೇಳದಲ್ಲಿ ಪ್ರದರ್ಶನಗೊಂಡ ಇದರ ಕ್ರಮಸಂಖ್ಯೆ 500/1. ಅಮೆರಿಕದ ಗಿಬ್ಸನ್ ಕಂಪನಿ 1953ರಲ್ಲೇ ಪಿಟೀಲಿನಾಕಾರದ ಬೇಸ್ ಗಿಟಾರು ತಂದಿತ್ತು ನಿಜ. ಆದರೆ ಅದು ಗಟ್ಟಿ ಮರದ್ದು. ಪಿಟೀಲಿನ ಮೇಲಿನ ರಂಧ್ರಗಳನ್ನು ಅದರ ಮೇಲೆ ಬಣ್ಣದಲ್ಲಿ ಬರೆದಿದ್ದರು!

ಟೊಳ್ಳು ಎನ್ನುವುದೇ ಈ ವಾದ್ಯದ ಗುಟ್ಟು. ಇದು ನಮ್ಮವರಿಗೆ ಹೊಸದೇನಲ್ಲ. ವೀಣೆಯ ಕೊಡ ಹಲಸಿನ ಮರದಲ್ಲಿ ಕೊರೆದ ಟೊಳ್ಳು. ತಂಬೂರಿಯ ಬುರುಡೆಯೂ ಅಷ್ಟೆ. ತಂತಿಯ ಕಂಪನ ಕುದುರೆಯ ಮೂಲಕ ತೆಳು ಹಲಗೆಗೆ ಇಳಿಯುತ್ತದೆ. ಹಲಗೆ ಅಲುಗಿ ಒಳಗಿನ ಗಾಳಿಯನ್ನು ಅಲುಗಿಸುತ್ತದೆ. ತಂತಿಯ ಶಕ್ತಿ ಹೀಗೆ ಬೇಗ ಖರ್ಚಾಗುವುದರಿಂದ ನಾದ ದುಂಡಗೆ ಎದ್ದು ಬೇಗ ಅಡಗುತ್ತದೆ. ಫೆಂಡರಿನ ಗಟ್ಟಿ ಹಲಗೆ ಈ ಶಕ್ತಿಯನ್ನು ಹೀರುವುದು ಕಡಿಮೆ. ಅಲ್ಲಿ ಸ್ವರ ಉದ್ದಕ್ಕೆ ನಿಲ್ಲುತ್ತದೆ, ಅಂಚು ಚೂಪು. ಹಾಫ್ನರಿನದು ತಲೆದಿಂಬಿನ ಮೇಲೆ ಗುದ್ದಿದಂಥ 'ಧಂ'. ತೂಕವೋ, ಎರಡೂಕಾಲು ಕಿಲೋದ ಆಸುಪಾಸು. ಫೆಂಡರ್ ಸುಮಾರು ನಾಲ್ಕು ಕಿಲೋ. ತಂತಿಯ ಕಂಪಿಸುವ ಭಾಗದ ಉದ್ದ ಫೆಂಡರಿನಲ್ಲಿ 34 ಅಂಗುಲವಾದರೆ ಇದರಲ್ಲಿ 30 ಅಂಗುಲ. ಬೆರಳು ಚಾಚುವ ಶ್ರಮ ಕಡಿಮೆ.

ಮೆಕಾರ್ಟ್ನಿ ಇದನ್ನು ಕೊಂಡದ್ದು ಇಷ್ಟೆಲ್ಲ ಯೋಚಿಸಿ ಎಂದುಕೊಳ್ಳಬೇಕಾಗಿಲ್ಲ. ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ 1961ರಲ್ಲಿ ತಂಡ ಬಿಟ್ಟಾಗ ಆ ಕೆಲಸ ಇವರ ಹೆಗಲಿಗೆ ಬಿತ್ತು. ಫೆಂಡರ್ ಬೆಲೆ ನೂರು ಪೌಂಡಿನ ಹತ್ತಿರ. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಮೇಲಾಗಿ ಅವರು ಎಡಚರು. ಬೇರೆ ಗಿಟಾರುಗಳನ್ನು ತಿರುಗಿಸಿ ಹಿಡಿದರೆ ವಿಕಾರವಾಗಿ ಕಾಣುತ್ತದೆ. ಪಿಟೀಲಿನಾಕಾರ ಎರಡೂ ಕಡೆಗೆ ಒಂದೇ. ಈ ಎರಡೂ ಕಾರಣಗಳನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅಂದರೆ, ಜಗತ್ತೇ ಇಂದು ಪೂಜಿಸುವ ಈ ಗಿಟಾರು ಅಂದು ಬಡ ಹುಡುಗನೊಬ್ಬ ಸಿಕ್ಕಿದ್ದರಲ್ಲಿ ಆರಿಸಿಕೊಂಡ ಅಗ್ಗದ ಮಾಲು. ಈ ಮಾತನ್ನು ಮರೆತರೆ ರೀಇಷ್ಯೂ ಕಥೆ ಅರ್ಥವಾಗುವುದಿಲ್ಲ.

1963ರಲ್ಲಿ ಮೆಕಾರ್ಟ್ನಿಗೆ ಇನ್ನೊಂದು ಹಾಫ್ನರ್ ಬಂತು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡಾಗ ಅವರ ಹೆಗಲ ಮೇಲಿದ್ದದ್ದು ಅದೇ. ಮೇಲ್ನೋಟಕ್ಕೆ ಎರಡೂ ಅವಳಿ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. 1961ರದರಲ್ಲಿ ಎರಡು ಪಿಕಪ್ಪುಗಳೂ ಕುತ್ತಿಗೆಯ ಹತ್ತಿರ ಒಂದರ ಪಕ್ಕ ಒಂದು ಕೂತಿವೆ. 1963ರದರಲ್ಲಿ ಒಂದು ಕುತ್ತಿಗೆಯ ಬಳಿ, ಇನ್ನೊಂದು ಕುದುರೆಯ ಕಡೆಗೆ. ಇದರಿಂದ ಏನಾಗುತ್ತದೆ? ವೀಣೆಯ ತಂತಿಯನ್ನು ಕುದುರೆಯ ಸಮೀಪ ಮೀಟಿ ನೋಡಿ: ನಾದ ತೆಳುವಾಗಿ, ಹರಿತವಾಗಿ ಬರುತ್ತದೆ. ಅಲ್ಲಿಂದ ದೂರ ಸರಿದಷ್ಟೂ ತುಂಬುತ್ತದೆ. ಪಿಕಪ್ಪಿಗೂ ಇದೇ ನಿಯಮ. ಅದು ತಂತಿಯ ಯಾವ ಭಾಗದ ಕಂಪನವನ್ನು 'ಕೇಳಿಸಿಕೊಳ್ಳುತ್ತದೆ' ಎನ್ನುವುದರ ಮೇಲೆ ನಾದದ ಬಣ್ಣ ನಿಂತಿದೆ. ಹೀಗಾಗಿ ಹಾಫ್ನರ್ ಕಂಪನಿ ಮರು ಆವೃತ್ತಿ ತಂದಾಗ ಒಂದಲ್ಲ, ಎರಡು ಬಗೆ ತರಬೇಕಾಯಿತು. ಬೀಟಲ್ಸ್ ಹಾಡುತ್ತಿದ್ದ ಲಿವರ್‌ಪೂಲಿನ ನೆಲಮಾಳಿಗೆ ಕ್ಲಬ್ಬಿನ ಹೆಸರಿನಲ್ಲಿ 'ಕ್ಯಾವರ್ನ್' ಮಾದರಿ ಒಂದು, 1963ರ ಮಾದರಿ ಇನ್ನೊಂದು.

ಇಲ್ಲೇ ತೊಡಕು ಶುರುವಾಗುವುದು. ಆ ಕಾಲದಲ್ಲಿ ಬೂಬೆನ್‌ರಾಯ್ಟ್‌ನ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸ ಕೈಯಿಂದಲೇ ನಡೆಯುತ್ತಿತ್ತು. ಬಿಡಿಭಾಗಗಳು, ಪಿಕಪ್ಪಿನ ಬಗೆ, ಅಲಂಕಾರ ಎಲ್ಲವೂ ವರ್ಷ ವರ್ಷಕ್ಕೆ ಬದಲಾಗುತ್ತಿದ್ದವು. ಆ ಕಾಲದ ಪಿಕಪ್ಪುಗಳಲ್ಲಿ ತಾಮ್ರದ ತಂತಿಯ ಸುತ್ತುಗಳೂ ಒಂದರಿಂದ ಒಂದಕ್ಕೆ ಹೆಚ್ಚುಕಡಿಮೆ. ಆದ್ದರಿಂದ '1961ರ ಹಾಫ್ನರ್' ಎಂಬ ಒಂದು ವಸ್ತುವೇ ಇಲ್ಲ. ಇರುವುದು ಅಣ್ಣತಮ್ಮಂದಿರಂತೆ ಹೋಲುವ, ಆದರೆ ಒಬ್ಬರಂತೆ ಒಬ್ಬರಿಲ್ಲದ ವಾದ್ಯಗಳು. ಹಾಗಿದ್ದರೆ ಪಡಿಯಚ್ಚು ಯಾವುದಕ್ಕೆ? ಮೆಕಾರ್ಟ್ನಿಯವರ ಗಿಟಾರಿಗೇ ಎನ್ನೋಣ. ಆದರೆ ಅದೂ ಅಂಗಡಿಯಿಂದ ಬಂದ ಹಾಗೆ ಉಳಿದಿರಲಿಲ್ಲ. 1964ರಲ್ಲಿ ಅದನ್ನು ರಿಪೇರಿಗೆ ಕೊಟ್ಟು, ಹೊಸದಾಗಿ ಬಣ್ಣ ಬಳಿಸಿ, ಎರಡು ಪಿಕಪ್ಪುಗಳನ್ನೂ ಒಂದೇ ಮರದ ಚೌಕಟ್ಟಿನಲ್ಲಿ ಕೂರಿಸಲಾಗಿತ್ತು. ಹ್ಯಾಂಬರ್ಗಿನಲ್ಲಿ ಕೊಂಡ ಗಿಟಾರು ಅಸಲೋ, 1964ರ ಬಣ್ಣದ ಗಿಟಾರು ಅಸಲೋ?

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ವೀಣೆಯಿದೆ. ಮೆಟ್ಟಿಲುಗಳನ್ನು ಹಿಡಿದಿದ್ದ ಮೇಣ ಒಣಗಿ ಬಿರುಕು ಬಿಟ್ಟಾಗ ಹೊಸದಾಗಿ ಮೇಳ ಕಟ್ಟಿಸಿ ತಂದರು. ಶ್ರುತಿ ಅಚ್ಚುಕಟ್ಟಾಯಿತು. ಅಮ್ಮ ಮಾತ್ರ ಎರಡು ದಿನ ನುಡಿಸಿ, 'ಇದು ಆ ವೀಣೆಯಲ್ಲ ಬಿಡು' ಎಂದು ಗವಸು ಹಾಕಿಟ್ಟರು. ಬದಲಾದದ್ದು ಮೇಣವೋ, ಅಮ್ಮನ ಕಿವಿಯೋ ಎಂದು ಆಗ ನಾನು ಕೇಳಲಿಲ್ಲ. ಈ ಲೇಖನ ಬರೆಯುವಾಗ ಆ ಪ್ರಶ್ನೆ ಮತ್ತೆ ನೆನಪಾಯಿತು.

ಮರು ಆವೃತ್ತಿ ತಯಾರಿಸುವವರ ಮುಂದಿರುವ ನಿಜವಾದ ಇಕ್ಕಟ್ಟು ಹಳೆಯ ವಾದ್ಯದ ದೋಷಗಳದ್ದು. ಹಾಫ್ನರಿನಲ್ಲಿ ದೋಷಗಳಿಗೆ ಕೊರತೆಯಿಲ್ಲ. ಅದರ ಕುದುರೆಯನ್ನು ಪಿಟೀಲಿನಲ್ಲಿರುವಂತೆ ಅಂಟಿಸಿಲ್ಲ, ಸ್ಕ್ರೂ ಹಾಕಿಲ್ಲ; ತಂತಿಗಳ ಒತ್ತಡದಿಂದ ಮಾತ್ರ ನಿಂತಿರುತ್ತದೆ. ನಾಲ್ಕೂ ತಂತಿ ಒಮ್ಮೆಗೇ ಬಿಚ್ಚಿದರೆ ಬಿದ್ದುಹೋಗುತ್ತದೆ, ಮತ್ತೆ ಅದೇ ಜಾಗದಲ್ಲಿ ನಿಲ್ಲಿಸದಿದ್ದರೆ ಶ್ರುತಿ ಕೈಕೊಡುತ್ತದೆ. ಪ್ರತಿ ತಂತಿಗೆ ಬೇರೆ ಬೇರೆ ಉದ್ದ ಹೊಂದಿಸಲು ಕುದುರೆಯ ಮೇಲೆ ಕೊರೆದ ಕಚ್ಚುಗಳಲ್ಲಿ ಲೋಹದ ಸಣ್ಣ ತುಣುಕುಗಳನ್ನು ಇಟ್ಟಿರುತ್ತಾರೆ. ಈ ಹೊಂದಾಣಿಕೆ ಒರಟು. ಕುತ್ತಿಗೆಯ ಮೇಲ್ಭಾಗದ ಮೆಟ್ಟಿಲುಗಳಿಗೆ ಹೋದಂತೆ ಸ್ವರ ಕೊಂಚ ಓರೆಯಾಗುತ್ತದೆಂಬ ದೂರು ಹಳೆಯ ಹಾಫ್ನರುಗಳ ಮೇಲೆ ಇದ್ದೇ ಇತ್ತು.

ಇನ್ನೊಂದು ದೊಡ್ಡ ತೊಂದರೆ ಟೊಳ್ಳಿನದೇ. ವೇದಿಕೆಯಲ್ಲಿ ಆಂಪ್ಲಿಫೈಯರ್ ಜೋರು ಮಾಡಿದರೆ ಸ್ಪೀಕರಿನ ಶಬ್ದ ಬಂದು ಗಿಟಾರಿನ ತೆಳು ಹಲಗೆಯನ್ನು ಬಡಿಯುತ್ತದೆ. ಹಲಗೆ ಕಂಪಿಸಿ ತಂತಿಯನ್ನು ಅಲುಗಿಸುತ್ತದೆ, ತಂತಿಯ ಕಂಪನ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಈ ಸುತ್ತು ಬೆಳೆಯುತ್ತ ಹೋಗಿ ಕಿವಿಗಡಚಿಕ್ಕುವ ಗೂಳಿಡು ಎದ್ದುಬಿಡುತ್ತದೆ. ಸಭೆಗಳಲ್ಲಿ ಮೈಕು 'ಕುಂಯ್' ಎನ್ನುವುದೂ ಇದೇ ರೀತಿಯಿಂದ. 1961ರ ನೆಲಮಾಳಿಗೆ ಕ್ಲಬ್ಬುಗಳ ಸಣ್ಣ ಆಂಪ್ಲಿಫೈಯರುಗಳಿಗೆ ಇದು ಅಷ್ಟಾಗಿ ಕಾಡಲಿಲ್ಲ. ಇಂದಿನ ಕ್ರೀಡಾಂಗಣದ ಸದ್ದಿನಲ್ಲಿ ಕಾಡುತ್ತದೆ.

ತಿದ್ದುವುದೇ, ಬಿಡುವುದೇ? ಹಾಫ್ನರ್ ಎರಡನ್ನೂ ಮಾಡಿತು. ಜರ್ಮನಿಯಲ್ಲಿ ತಯಾರಾದ ದುಬಾರಿ ಮರು ಆವೃತ್ತಿಗಳು ಒಳಗೆಲ್ಲ ಟೊಳ್ಳು, ಕುದುರೆ ಸಡಿಲ, ದೋಷಸಮೇತ ಹಳೆಯದರಂತೆ. ಇನ್ನೊಂದೆಡೆ ಚೀನಾದಲ್ಲಿ ತಯಾರಾಗಿ, ಅದರ ಸಣ್ಣ ಪಾಲಿನ ಬೆಲೆಗೆ ಸಿಗುತ್ತಿದ್ದ 'ಕಾಂಟೆಂಪೊರರಿ' ಸರಣಿಯಲ್ಲಿ ಮೇಲ್ಹಲಗೆಯ ಅಡಿಯಲ್ಲಿ ಮರದ ದಿಮ್ಮಿಯೊಂದನ್ನು ಕೂರಿಸಲಾಯಿತು. ಇದರಿಂದ ಗೂಳಿಡು ತಗ್ಗಿತು, ಸ್ವರ ಹೆಚ್ಚು ಹೊತ್ತು ನಿಂತಿತು. ವಾದ್ಯವಾಗಿ ಇದು ಸುಧಾರಣೆಯೇ. ಆದರೆ ಬೇಗ ಅಡಗುವ ಆ 'ಧಂ' ಕೂಡ ಸ್ವಲ್ಪ ದೂರ ಸರಿಯಿತು. ಸಂಗೀತಗಾರ ಹೆಚ್ಚು ಹಣ ಕೊಟ್ಟು ದೋಷ ಕೊಳ್ಳುತ್ತಾನೆ, ಕಡಿಮೆ ಹಣಕ್ಕೆ ಸುಧಾರಣೆ ಪಡೆಯುತ್ತಾನೆ! ವಿಚಿತ್ರವಾದರೂ ಇದರಲ್ಲಿ ಮೂರ್ಖತನವಿಲ್ಲ. ಹಳೆಯ ಧ್ವನಿಮುದ್ರಣಗಳಲ್ಲಿ ನಾವು ಮೆಚ್ಚಿದ ನಾದ ಆ ದೋಷಗಳೊಳಗಿಂದಲೇ ಬಂದದ್ದು. ನನ್ನ ಮಟ್ಟಿಗೆ, ದೋಷವನ್ನು ಉಳಿಸಿಕೊಂಡ ಪಡಿಯಚ್ಚೇ ಪ್ರಾಮಾಣಿಕ. ಆದರೆ ದಿನನಿತ್ಯ ವೇದಿಕೆ ಹತ್ತುವವನಿಗೆ ದಿಮ್ಮಿಯ ಗಿಟಾರೇ ಕೊಡಿಸುವೆ.

ಬೇರೆ ಹಾದಿ ಹಿಡಿದವರೂ ಇದ್ದಾರೆ. ಜೆಫರ್ಸನ್ ಏರ್‌ಪ್ಲೇನ್ ತಂಡದ ಜ್ಯಾಕ್ ಕ್ಯಾಸಡಿ, ಗಿಬ್ಸನ್ ಕಂಪನಿ 1970ರ ದಶಕದಲ್ಲಿ ಕೆಲ ಕಾಲ ತಯಾರಿಸಿ ನಿಲ್ಲಿಸಿದ್ದ ಟೊಳ್ಳು ಬೇಸ್ ಗಿಟಾರೊಂದನ್ನು ಬಹಳ ಮೆಚ್ಚಿಕೊಂಡಿದ್ದರು. ಎಪಿಫೋನ್ ಕಂಪನಿ 1997ರಲ್ಲಿ ಅದನ್ನು ಅವರ ಹೆಸರಿನಲ್ಲೇ ಮತ್ತೆ ತಂದಾಗ, ದೇಹ ಹಳೆಯದರಂತಿದ್ದರೂ ಪಿಕಪ್ಪನ್ನು ಹೊಸದಾಗಿ ರೂಪಿಸಲಾಯಿತು. ಅದನ್ನು ಯಾರೂ ನಕಲು ಎಂದು ಹಳಿಯಲಿಲ್ಲ.

ಹಳೆಯದರ ನಾದವೇ ಮೇಲು ಎಂಬ ನಂಬಿಕೆಗೆ ಆಧಾರವಿದೆಯೇ? ಮರ ಮಾಗುವುದು ಸುಳ್ಳಲ್ಲ. ದಶಕಗಳು ಕಳೆದಂತೆ ಮರದೊಳಗಿನ ಹೆಮಿಸೆಲ್ಯುಲೋಸ್ ಎಂಬ ಅಂಶ ನಿಧಾನವಾಗಿ ಒಡೆಯುತ್ತದೆ, ಮರ ತೇವ ಹೀರುವುದು ಕಡಿಮೆಯಾಗುತ್ತದೆ. ಅಷ್ಟರಿಂದ ನಾದ ಮೇಲಾಗುತ್ತದೆಂದು ಹೇಳುವುದು ಮಾತ್ರ ಕಷ್ಟ. ಈ ಬಗ್ಗೆ ಪಿಟೀಲಿನ ಲೋಕದಲ್ಲಿ ನಡೆದ ಒಂದು ಪರೀಕ್ಷೆ ಕುತೂಹಲಕರ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಹೋಟೆಲ್ ಕೋಣೆಯೊಂದರಲ್ಲಿ 21 ಮಂದಿ ಪಿಟೀಲುವಾದಕರಿಗೆ ಕಪ್ಪು ಕನ್ನಡಕ ತೊಡಿಸಿ ಆರು ಪಿಟೀಲು ಕೊಡಲಾಯಿತು. ಮೂರು ಹೊಸವು. ಉಳಿದ ಮೂರರಲ್ಲಿ ಎರಡು ಸ್ಟ್ರಾಡಿವರಿ, ಒಂದು ಗ್ವಾರ್ನೇರಿ. ಎಲ್ಲವೂ ಶತಮಾನಗಳ ಹಿಂದಿನವು, ಬೆಲೆ ಕಟ್ಟಲಾಗದವು. ಹಳೆಯದು ಯಾವುದು, ಹೊಸದು ಯಾವುದು ಎಂದು ಗುರುತಿಸಲು ಬಹುಪಾಲು ವಾದಕರಿಗೆ ಆಗಲಿಲ್ಲ. ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸದೊಂದು. ಅತಿ ಕಡಿಮೆ ಮೆಚ್ಚುಗೆ ಸ್ಟ್ರಾಡಿವರಿಯೊಂದಕ್ಕೆ. ಕ್ಲೌಡಿಯಾ ಫ್ರಿಟ್ಜ್ ಮತ್ತು ಸಂಗಡಿಗರ ಈ ಅಧ್ಯಯನ 2012ರಲ್ಲಿ ಪ್ರಕಟವಾದಾಗ ವಾದ್ಯಲೋಕದಲ್ಲಿ ಸಾಕಷ್ಟು ಗದ್ದಲವೆದ್ದಿತು.

ಪಿಟೀಲಿನಂಥ ಶುದ್ಧ ಮರದ ವಾದ್ಯದಲ್ಲೇ ಹೀಗಾದರೆ, ಅಯಸ್ಕಾಂತ, ತಂತಿ, ಆಂಪ್ಲಿಫೈಯರ್ ಎಲ್ಲವೂ ಸೇರಿದ ಬೇಸ್ ಗಿಟಾರಿನಲ್ಲಿ ಮರದ ವಯಸ್ಸಿನ ಪಾತ್ರ ಇನ್ನೂ ಕಡಿಮೆ ಎಂದೇ ಊಹಿಸಬೇಕು. ಮೇಲಾಗಿ ಇನ್ನೊಂದು ಮೋಸವಿದೆ. 1960ರ ದಶಕದ ಕೆಟ್ಟ ಗಿಟಾರುಗಳು ಎಂದೋ ಮುರಿದು ಒಲೆ ಸೇರಿವೆ. ಚೆನ್ನಾಗಿದ್ದವನ್ನು ಜನ ಜೋಪಾನ ಮಾಡಿದರು. ಉಳಿದವನ್ನಷ್ಟೇ ನೋಡಿ ಆ ಕಾಲದವೆಲ್ಲ ಚೆನ್ನಾಗಿದ್ದವು ಎಂದುಕೊಳ್ಳುತ್ತೇವೆ. ಹಳೆಯ ಸಿನಿಮಾ ಹಾಡುಗಳ ವಿಷಯದಲ್ಲೂ ನಮ್ಮ ಹಿರಿಯರು ಮಾಡುವುದು ಇದನ್ನೇ.

ರೆಕಾರ್ಡಿನಲ್ಲಿ ಕೇಳುವ ಆ ನಾದ ಗಿಟಾರೊಂದರದ್ದೇ ಅಲ್ಲ ಎಂಬುದನ್ನೂ ಮರೆಯಬಾರದು. ಆಂಪ್ಲಿಫೈಯರ್, ಅದರ ಮುಂದಿಟ್ಟ ಮೈಕು, ಟೇಪು, ಲಂಡನ್ನಿನ ಸ್ಟುಡಿಯೋದ ಎಂಜಿನಿಯರುಗಳ ಕೈ ಎಲ್ಲವೂ ಅದರಲ್ಲಿವೆ. ಎಲ್ಲಕ್ಕಿಂತ ಸುಲಭವಾಗಿ ಮರೆಯುವುದು ತಂತಿಯನ್ನು. ಅಂದು ಬಳಸುತ್ತಿದ್ದದ್ದು ಮೇಲ್ಮೈ ನುಣುಪಾಗಿರುವಂತೆ ಚಪ್ಪಟೆ ಪಟ್ಟಿ ಸುತ್ತಿದ ತಂತಿಗಳು. ಅವುಗಳ ನಾದ ಮೃದು, ಮಂಕು. ಇಂದು ಹೆಚ್ಚು ಬಳಕೆಯಲ್ಲಿರುವುದು ದುಂಡು ತಂತಿ ಸುತ್ತಿದವು. ಅವುಗಳ ನಾದಕ್ಕೆ ಝಣತ್ಕಾರ ಹೆಚ್ಚು. ಲಕ್ಷಗಟ್ಟಲೆ ಕೊಟ್ಟು ಕೊಂಡ ಹಳೆಯ ಹಾಫ್ನರಿಗೆ ದುಂಡು ತಂತಿ ಹಾಕಿದರೆ ಬೀಟಲ್ಸ್ ನಾದ ಬರುವುದಿಲ್ಲ. ಅಗ್ಗದ ಹೊಸದಕ್ಕೆ ಚಪ್ಪಟೆ ತಂತಿ ಹಾಕಿದರೆ ಅರ್ಧ ದಾರಿ ಸವೆದಂತೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬ್ಯಾಂಡ್ ಕಟ್ಟಿಕೊಂಡಿರುವ ಹುಡುಗರಿಗೆ ಇದೊಂದು ಅಗ್ಗದ ಸಲಹೆ. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ, ಇಲ್ಲವಾದರೆ ಕುದುರೆ ಮಗುಚೀತು.

ಹಾಗಾದರೆ ಒಂದು ಕೋಟಿ ಪೌಂಡಿನ ಅಂದಾಜು ಯಾವುದಕ್ಕೆ? ನಾದಕ್ಕಂತೂ ಅಲ್ಲ. ಹೊಸ ಗಿಟಾರಿಗೆ ಬೇಕೆಂದೇ ಗೀರು ಹಾಕಿ, ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ ಮಾರುವ ಪದ್ಧತಿಯನ್ನು ಫೆಂಡರ್ ಕಂಪನಿ 1995ರಲ್ಲಿ ಆರಂಭಿಸಿದಾಗ ನಕ್ಕವರೇ ಹೆಚ್ಚು. ಆದರೆ ಅಂಥವು ಖರ್ಚಾದವು, ಬೇರೆ ಕಂಪನಿಗಳೂ ಅದೇ ಹಾದಿ ಹಿಡಿದವು. ಮಾಸಿದ ಹೊಸ ಪಂಚೆಗೆ ಹೆಚ್ಚು ದುಡ್ಡು ಕೊಟ್ಟ ಹಾಗೆ! ಗೀರನ್ನು ನಕಲು ಮಾಡಬಹುದು, ಗೀರು ಬಿದ್ದ ಸಂಜೆಯನ್ನು ಹೇಗೆ ಮಾಡುವುದು? ಮೆಕಾರ್ಟ್ನಿಯವರ 1963ರ ಹಾಫ್ನರಿನ ಪಕ್ಕಕ್ಕೆ ಒಂದು ಕಾಗದದ ಚೀಟಿ ಅಂಟಿಕೊಂಡಿದೆ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೀಟಲ್ಸ್ ತಮ್ಮ ಪ್ರವಾಸಗಳ ಕೊನೆಯ ಕಛೇರಿ ನಡೆಸಿದಾಗ ಹಾಡಬೇಕಾದ ಹಾಡುಗಳ ಪಟ್ಟಿ ಅದು. ಅದನ್ನು ಅವರು ಕಿತ್ತಿಲ್ಲ.

ಕಳವಾಗಿದ್ದ 1961ರ ಗಿಟಾರು ಪೆಟ್ಟಿಗೆಯ ಸಮೇತ ಸಿಕ್ಕಿತಾದರೂ ನುಡಿಸುವ ಸ್ಥಿತಿಯಲ್ಲಿರಲಿಲ್ಲ, ರಿಪೇರಿ ಬೇಕಾಯಿತು. 2024ರ ಡಿಸೆಂಬರ್ 19ರಂದು ಲಂಡನ್ನಿನ ಓಟೂ ಅರೇನಾದಲ್ಲಿ ಕಛೇರಿ ನಡೆಸಿದ 82 ವರ್ಷದ ಮೆಕಾರ್ಟ್ನಿ, ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅದನ್ನು ಹೆಗಲಿಗೇರಿಸಿಕೊಂಡು ಹಾಡೊಂದನ್ನು ನುಡಿಸಿದರು. ಡೋಲು ನುಡಿಸಲು ರಿಂಗೋ ಸ್ಟಾರ್ ಬಂದಿದ್ದರು. ಅಲ್ಲಿದ್ದ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ, ಕಣ್ಣು ಮುಚ್ಚಿ ಕೇಳಿದ್ದರೆ, ಅದು ಪಡಿಯಚ್ಚಲ್ಲ ಎಂದು ಗೊತ್ತಾಗುತ್ತಿತ್ತೋ. ಯಾರೂ ಕಣ್ಣು ಮುಚ್ಚಿರಲಿಕ್ಕಿಲ್ಲ.